ವಂಶದ ಮೈ, ಕೈಯಾಗಿನ ಬಾಟ್ಲಿ

ಗಂಗಾವತಿಯಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನನ್ನ ಪಕ್ಕ ದೂರದ ಸಂಬಂಧದ ಅಕ್ಕ, ಅವರ ಆಚೆ ಎಂಟು ವರ್ಷದ ಮಗ. ಹುಡುಗ ಎಲೆಯ ಮೇಲಿನ ಅನ್ನ ಮುಟ್ಟಿರಲಿಲ್ಲ. ಕಿತ್ತಳೆ ಬಣ್ಣದ ಕೂಲ್ ಡ್ರಿಂಕ್ಸ್ ಮಾತ್ರ ಎರಡನೇ ಗ್ಲಾಸ್ ನಡೆದಿತ್ತು. ನಾನು ನೋಡಿದ್ದು ಕಂಡು ಅಕ್ಕನೇ ಹೇಳಿದರು: "ನಮ್ಮದು ವಂಶದ ಮೈ ತಮ್ಮಾ. ಇವರಜ್ಜಿನೂ ಹಿಂಗ, ನಾನೂ ಹಿಂಗ. ಏನ್ ಮಾಡಿದ್ರೂ ಕರಗಂಗಿಲ್ಲ. ಕುಡೀಲಿ ಬಿಡು."

ವಂಶದ ಮಾತು ಸುಳ್ಳಲ್ಲ. 2007ರಲ್ಲಿ ಎಫ್‌ಟಿಒ ಅನ್ನುವ ಜೀನ್‌ಗೂ (ವಂಶವಾಹಿ) ದಪ್ಪಕ್ಕೂ ನಂಟಿರುವುದು ಬೆಳಕಿಗೆ ಬಂತು. ಅದರ ಒಂದು ರೂಪವನ್ನು ಅಪ್ಪ, ಅಮ್ಮ ಇಬ್ಬರಿಂದಲೂ ಪಡೆದವರು, ಯಾರಿಂದಲೂ ಪಡೆಯದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ. ಇಂಥ ಜೀನ್‌ಗಳು ಆಮೇಲೆ ನೂರಾರು ಸಿಕ್ಕಿವೆ. ನನಗೆ ತಕರಾರು ಇರುವುದು "ಕುಡೀಲಿ ಬಿಡು" ಅನ್ನುವ ಮಾತಿಗೆ. ವಂಶದ ಮೈ ಅಂತ ಗೊತ್ತಿದ್ದರೆ ಬಾಟ್ಲಿಯನ್ನು ಮೊದಲು ದೂರ ಇಡಬೇಕಾದವರೇ ಅವರು.

2012ರಲ್ಲಿ ಹಾರ್ವರ್ಡ್‌ನ ಸಂಶೋಧಕರು 33,000ಕ್ಕೂ ಹೆಚ್ಚು ಅಮೆರಿಕನ್ನರ ಲೆಕ್ಕ ಹಾಕಿದರು. ದಪ್ಪಕ್ಕೆ ಸಂಬಂಧಪಟ್ಟ 32 ಜೀನ್ ಜಾಗಗಳನ್ನು ನೋಡಿ ಒಬ್ಬೊಬ್ಬರಿಗೂ ಒಂದು ಅಂಕ ಕೊಟ್ಟರು; ದಪ್ಪ ಮಾಡುವ ರೂಪಗಳು ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಸಿಹಿ ಪಾನೀಯ ಎಷ್ಟು ಕುಡಿಯುತ್ತಾರೆ ಅನ್ನುವುದನ್ನೂ ಬರೆದುಕೊಂಡರು. ಅವರು ಮೊದಲು ನೋಡಿದ ಎರಡು ಗುಂಪುಗಳಲ್ಲಿ, ತಿಂಗಳಿಗೆ ಒಂದೂ ಕುಡಿಯದವರಿಗೆ ಅಂಕ 10 ಏರಿದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 1ರಷ್ಟು ಏರಿತ್ತು. ದಿನಾ ಒಂದಾದರೂ ಕುಡಿಯುವವರಲ್ಲಿ ಅದೇ 10 ಅಂಕಕ್ಕೆ 1.78! ಐದಡಿ ಐದಿಂಚು ಎತ್ತರದವರಿಗೆ ಇದು ಸುಮಾರು 2.7 ಕಿಲೋ ಮತ್ತು 4.9 ಕಿಲೋ. ಜೀನ್ ಅದೇ, ಅದರ ಭಾರ ಬೇರೆ. ಮೊದಲ ಸಲ ಓದಿದಾಗ ಪುಟ ತಿರುಗಿಸದೆ ಸುಮಾರು ಹೊತ್ತು ಕೂತುಬಿಟ್ಟಿದ್ದೆ.

ನಮ್ಮ ಕಡೆಯವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ತುಂಗಭದ್ರಾ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟ್‌ಗಳಿವೆ (ಕಟ್ಟೆಯ ಮೇಲ್ಭಾಗದ ಗೇಟ್‌ಗಳು). 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ಕಡಿದಾಗ ಜಲಾಶಯ ತುಂಬಿತ್ತು. ಅದೇ ಚೈನ್ ಏಪ್ರಿಲ್‌ನಲ್ಲಿ, ತಳ ಕಾಣುವಾಗ ಕಡಿದಿದ್ದರೆ ಒಂದು ಹನಿಯೂ ಹೊರಗೆ ಹೋಗುತ್ತಿರಲಿಲ್ಲ. ಗೇಟಿನ ದೋಷ ಎಷ್ಟು ದೊಡ್ಡದು ಅನ್ನುವುದು ಅದರ ಹಿಂದೆ ನಿಂತ ನೀರಿನ ಮೇಲೆ ಹೋಗುತ್ತದೆ, ಅಲ್ವಾ? ಭತ್ತದ ರೈತರನ್ನು ಕೇಳಿ ನೋಡಿ, ಅವರು ಇನ್ನೂ ಚೆನ್ನಾಗಿ ಹೇಳುತ್ತಾರೆ. ಕಾಲುವೆ ನೀರು ಬಾರದ ವರ್ಷ ಸಾದಾ ಬೀಜವೂ ಒಣಗುತ್ತದೆ, ಒಳ್ಳೆ ಬೀಜವೂ ಒಣಗುತ್ತದೆ. ನೀರು, ಗೊಬ್ಬರ ಕೈತುಂಬ ಸಿಕ್ಕಾಗಲೇ ಬೀಜ ಬೀಜಕ್ಕೆ ಇರುವ ವ್ಯತ್ಯಾಸ ಕಾಣುವುದು.

ಹಾಗಾದರೆ ಕುಡಿಯುವ ಸಕ್ಕರೆಗೇ ಯಾಕೆ ಇಷ್ಟು ಮಹತ್ವ? ಒಮ್ಮೆ ಮನೆಯಲ್ಲಿ ಒಂದು ಗ್ಲಾಸ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ ಕದಡಿ ಕುಡಿಯಲು ನೋಡಿದೆ. 250 ಎಂಎಲ್ ಕೋಲಾದಲ್ಲಿ ಇರುವುದು ಅಷ್ಟೇ, ಸುಮಾರು 26 ಗ್ರಾಂ. ಮೂರು ಗುಟುಕಿಗೆ ಬಾಯಿ ಅಂಟಾಯಿತು, ಮುಂದೆ ಇಳಿಯಲಿಲ್ಲ. ಅದಕ್ಕೇ ನಿಂಬೆಹಣ್ಣು ಹಿಂಡಿ, ಫ್ರಿಜ್‌ನಲ್ಲಿಟ್ಟು ತೆಗೆದೆ. ಸುಮ್ನೆ ಖಾಲಿಯಾಯಿತು! ಹುಳಿ ಮತ್ತು ತಂಪು ಸಿಹಿಯನ್ನು ಮುಚ್ಚಿಡುತ್ತವೆ.

ಹೊಟ್ಟೆಗೆ ಹೋದಮೇಲೂ ಅದೇ ಕಥೆ. 2000ದಲ್ಲಿ ಬಂದ ಒಂದು ಸಣ್ಣ ಪ್ರಯೋಗದಲ್ಲಿ 15 ಜನರಿಗೆ ನಾಲ್ಕು ವಾರ ದಿನಕ್ಕೆ 450 ಕ್ಯಾಲೊರಿಯಷ್ಟು ಮಿಠಾಯಿ ಕೊಟ್ಟರು. ಇನ್ನೊಂದು ನಾಲ್ಕು ವಾರ ಅಷ್ಟೇ ಕ್ಯಾಲೊರಿಯ ಸೋಡಾ. ಮಿಠಾಯಿ ತಿಂದಾಗ ಜನ ತಾವಾಗಿಯೇ ಊಟ ಕಡಿಮೆ ಮಾಡಿದರು. ಸೋಡಾ ಕುಡಿದಾಗ ಊಟ ಕಡಿಮೆಯಾಗಲಿಲ್ಲ. ಅಗಿದು ತಿಂದದ್ದನ್ನು ಮೈ ಲೆಕ್ಕಕ್ಕೆ ಹಿಡಿಯುತ್ತದೆ, ಕುಡಿದದ್ದನ್ನು ಬಹುಪಾಲು ಬಿಟ್ಟುಬಿಡುತ್ತದೆ. ದಪ್ಪಕ್ಕೆ ಸಂಬಂಧಪಟ್ಟ ಜೀನ್‌ಗಳಲ್ಲಿ ಹಲವು ಕೆಲಸ ಮಾಡುವುದೂ ಮೆದುಳಿನಲ್ಲೇ, ಹಸಿವು ಮತ್ತು "ಸಾಕು" ಅನ್ನಿಸುವ ವಿಷಯದಲ್ಲಿ. ಮೊದಲೇ "ಸಾಕು" ಮೆಲ್ಲಗೆ ಕೇಳಿಸುವ ಮನೆ. ಅದರೊಳಗೆ "ಸಾಕು" ಅಂತಲೇ ಅನ್ನಿಸದ ಪಾನೀಯ. ಎರಡೂ ಸೇರುತ್ತವೆ ಅಂತ ನನಗೆ ಅನ್ನಿಸುವುದು ಇಲ್ಲೇ.

ಇನ್ನೊಂದು ಮಾತು ಓದಿದವರೂ ಹೇಳುತ್ತಾರೆ: "ಬರ ನೋಡಿದ ಸೀಮೆ ನಮ್ಮದು, ಅದಕ್ಕೇ ಮೈ ಕೊಬ್ಬು ಕೂಡಿಡ್ತದ." ಬಳ್ಳಾರಿಗೆ 1876-78ರ ಧಾತು, ಈಶ್ವರ ಸಂವತ್ಸರಗಳ ಬರ ಭಯಂಕರವಾಗಿ ಬಡಿದದ್ದು ನಿಜ. ಆಗ ಪರಿಹಾರ ಕೆಲಸಕ್ಕೆ ಬಂದವರ ದಿನದ ಕೂಲಿಯನ್ನು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಒಂದು ಪೌಂಡ್ ಧಾನ್ಯ, ಮೇಲೆ ಒಂದು ಆಣೆಯ ಲೆಕ್ಕಕ್ಕೆ ಇಳಿಸಿದ್ದ. ಧಾನ್ಯ ಅರ್ಧ ಕಿಲೋ ಕೂಡ ಅಲ್ಲ. ಓದುವಾಗ ಈಗಲೂ ಹೊಟ್ಟೆ ಸಂಕಟವಾಗುತ್ತದೆ. ಬರವೇ ಇಂಥ ಜೀನ್‌ಗಳನ್ನು ಆರಿಸಿತು ಅನ್ನುವ ಊಹೆಯನ್ನು 1962ರಲ್ಲಿ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ ಮುಂದಿಟ್ಟರು. ಅದು ಇವತ್ತಿಗೂ ಚರ್ಚೆಯಲ್ಲೇ ಇದೆ. ಆದರೆ ಐದಾರು ತಲೆಮಾರಿನಲ್ಲಿ ಒಂದು ಸೀಮೆಯ ಜೀನ್‌ಗಳೇ ಬದಲಾಗಿಬಿಡುವುದಿಲ್ಲ. ಈ ಜೀನ್‌ಗಳು ನಮ್ಮಲ್ಲಷ್ಟೇ ಇಲ್ಲ, ಲೋಕದ ಎಲ್ಲ ಕಡೆ ಇವೆ. ಅಜ್ಜನ ಕಾಲಕ್ಕೂ ಇದ್ದವು. ಇರದಿದ್ದದ್ದು ಕಿರಾಣಿ ಅಂಗಡಿಯ ಫ್ರಿಜ್.

"ಕುಡಿಯೋದಷ್ಟೇ ಕಾರಣ ಅಂತ ಹೆಂಗ ಹೇಳ್ತೀ?" ಅಂತ ಅಕ್ಕ ಕೇಳಿದರು. ಸರಿಯಾದ ಪ್ರಶ್ನೆ. ಬರೀ ಲೆಕ್ಕ ನೋಡಿ ಕಾರಣ ಹೇಳಲು ಬರುವುದಿಲ್ಲ. ಅದಕ್ಕೆ ನೆದರ್ಲೆಂಡ್ಸ್‌ನ ಪ್ರಯೋಗದ ಬಗ್ಗೆ ಹೇಳಿದೆ. ಅಲ್ಲಿ 641 ಮಕ್ಕಳಿಗೆ ದಿನಾ 250 ಎಂಎಲ್ ಪಾನೀಯ ಕೊಟ್ಟರು. ಅರ್ಧ ಮಕ್ಕಳಿಗೆ ಸಕ್ಕರೆಯದ್ದು, ಉಳಿದವರಿಗೆ ಸಕ್ಕರೆ ಇಲ್ಲದ್ದು. ಯಾರಿಗೆ ಯಾವುದು ಅಂತ ಮಕ್ಕಳಿಗೆ ಹೇಳಿರಲಿಲ್ಲ. ಒಂದೂವರೆ ವರ್ಷಕ್ಕೆ ಸಕ್ಕರೆಯದ್ದು ಕುಡಿದವರ ತೂಕ ಸರಾಸರಿ 7.37 ಕಿಲೋ ಏರಿತ್ತು, ಮತ್ತೊಂದು ಗುಂಪಿನವರದ್ದು 6.35. ದಿನಕ್ಕೆ ಒಂದೇ ಡಬ್ಬಿಯಿಂದ ಒಂದು ಕಿಲೋ ವ್ಯತ್ಯಾಸ!

ಅಷ್ಟರಲ್ಲಿ ಹುಡುಗ ಜೋರಾಗಿ ತೇಗಿದ. "ನೋಡು, ಅರಗಿತು" ಅಂದರು ಅಕ್ಕ. ತೇಗಿನಲ್ಲಿ ಬಂದದ್ದು ಊಟ ಅರಗಿದ ಗುರುತಲ್ಲ, ಬಾಟ್ಲಿಗೆ ಒತ್ತಿ ತುಂಬಿದ್ದ ಗ್ಯಾಸ್, ಅದೂ ಆತ ಊಟವನ್ನೇ ಮಾಡಿಲ್ಲ ಅಂದೆ. ಅಕ್ಕ ಒಮ್ಮೆ ಮಗನ ಎಲೆ ನೋಡಿದರು. ಅನ್ನ ಹಾಗೇ ಇತ್ತು. ಬಡಿಸುವವನನ್ನು ಕರೆದು, "ಮಜ್ಜಿಗಿ ಐತೇನಪ್ಪಾ? ಸಕ್ರಿ ಹಾಕಿಲ್ಲಲ?" ಅಂತ ಕೇಳಿದರು.