ಮಳೆ ಲೆಕ್ಕ ಯಾರ್ಯಾರಿಗೆ ಕಾಣಬೇಕು?

ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇವತ್ತಿಗೂ ಇಂಚು, ಸೆಂಟ್ ಲೆಕ್ಕದಲ್ಲೇ ಬರೆದಿಡುತ್ತಾರೆ. ನೂರು ಸೆಂಟ್ ಅಂದ್ರೆ ಒಂದು ಇಂಚು. ಅಪ್ಪನ ನೋಟ್‌ಬುಕ್‌ಗಳಿಗೆ ಗೆದ್ದಲು ಹಿಡಿಯುವ ಮೊದಲು ಎಲ್ಲಾ ಕಂಪ್ಯೂಟರಿಗೆ ಹಾಕೋಣ ಅಂತ ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಯಾವುದೋ ಕಾಲದ ಡೇಟಾಬೇಸ್ ಇನ್‌ಸ್ಟಾಲ್ ಮಾಡಿದೆ. ಅದು ಏನೂ ಕೇಳಲಿಲ್ಲ, ನಾನೂ ಏನೂ ನೋಡಲಿಲ್ಲ. ಎರಡು ವಾರ ಬಿಟ್ಟು, ನಮ್ಮ ಹೋಂಸ್ಟೇಗೆ ಬಂದು ಮಳೆಗೆ ಸಿಕ್ಕಿಹಾಕಿಕೊಂಡು ನಮ್ಮ ವೈಫೈಯಲ್ಲೇ ಫೋನ್ ಒತ್ತುತ್ತಾ ಕೂತಿದ್ದ ಹುಡುಗ ಕೇಳಿದ: "ಅಣ್ಣಾ, 2009ರ ಮಾರ್ಚಲ್ಲಿ ನಿಮಗೆ 85 ಸೆಂಟ್ ಹೂಮಳೆ ಆಗಿತ್ತಾ?"

ಡೇಟಾಬೇಸ್‌ಗೆ ಪಾಸ್‌ವರ್ಡೇ ಇರಲಿಲ್ಲ!

ಇಂಥ ತಂತ್ರಾಂಶ ಶುರುವಾದಾಗ ಯಾವ ವಿಳಾಸದಲ್ಲಿ ಕಿವಿಗೊಟ್ಟು ಕೂರಬೇಕು ಅಂತ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಇರುತ್ತೆ. 127.0.0.1 ಅಂತಿದ್ದರೆ ಅದೇ ಯಂತ್ರದೊಳಗಿನ ಮಾತು ಮಾತ್ರ ಕೇಳುತ್ತೆ. 0.0.0.0 ಅಂತಿದ್ದರೆ ವೈಫೈ, ಕೇಬಲ್ ಎಲ್ಲಾ ಕಡೆಯಿಂದ ಕರೆದವರಿಗೆಲ್ಲಾ ಓಗೊಡುತ್ತೆ. ನನ್ನದು ಎರಡನೇ ಜಾತಿ. ಡೆಬಿಯನ್, ಉಬುಂಟು ಥರದ ಲಿನಕ್ಸ್‌ಗಳಲ್ಲಿ ಇನ್‌ಸ್ಟಾಲ್ ಆದ ಕೂಡಲೇ ಸರ್ವಿಸ್ ತಾನಾಗೇ ಶುರುವಾಗಿಬಿಡುತ್ತೆ, ನಾವು ಆ ಸಾಲು ತಿದ್ದೋಕೆ ಮೊದಲೇ. ಫೆಡೋರಾ ಅನ್ನೋ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ನಾವೇ ಶುರುಮಾಡಬೇಕು.

ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸುಮ್ನೆ ಹಾಕಿದರೆ ತನ್ನ ಯಂತ್ರದೊಳಗೇ ಇರುತ್ತೆ. ಮಾಂಗೋಡಿಬಿ ಅನ್ನೋ ಇನ್ನೊಂದು ಡೇಟಾಬೇಸಿನ ಎಲ್ಲಾ ಪ್ಯಾಕೇಜ್‌ಗಳೂ ಹಾಗಾಗಿದ್ದು 2017ರ ಕೊನೆಗೆ ಬಂದ 3.6ನೇ ಆವೃತ್ತಿಯಿಂದ. ಅದೇ ವರ್ಷದ ಜನವರಿಯಲ್ಲಿ ಹ್ಯಾಕರ್‌ಗಳು ಬಾಗಿಲು ತೆರೆದಿದ್ದ ಸಾವಿರಾರು ಡೇಟಾಬೇಸ್‌ಗಳನ್ನು ಅಳಿಸಿ, ವಾಪಸ್ ಬೇಕಾದರೆ ಬಿಟ್‌ಕಾಯಿನ್ ಕೊಡಿ ಅಂತ ಚೀಟಿ ಇಟ್ಟು ಹೋಗಿದ್ದರು.

ಹಾಗಾದರೆ ಯಾರಿಗೆಲ್ಲಾ ತೆರೆದಿಡಬೇಕು ಅಂತ ಇನ್‌ಸ್ಟಾಲ್ ಮಾಡುವಾಗಲೇ ನಮ್ಮನ್ನು ಕೇಳಬಹುದಲ್ವಾ? ಕೇಳಬಹುದು, ಆದರೆ ನಾವು ಓದದೇ ಎಂಟರ್ ಒತ್ತುವ ಜನ. ಬರೀ ಬಿಗಿ ಮಾಡಿದರೂ ಕಷ್ಟ: ಬೇರೆ ಯಂತ್ರದಿಂದ ಕನೆಕ್ಟ್ ಆಗದಿದ್ದಾಗ ಎಲ್ಲಿಂದಲೋ 0.0.0.0 ಕಾಪಿ ಮಾಡಿ ಅಂಟಿಸುತ್ತೇವೆ. ಇಲ್ಲಿ ನನಗೆ ಇಷ್ಟವಾಗಿದ್ದು ರೆಡಿಸ್ ಅನ್ನೋ ಡೇಟಾಬೇಸ್. 2016ರ 3.2ನೇ ಆವೃತ್ತಿಯಿಂದ, ಪಾಸ್‌ವರ್ಡ್ ಇಲ್ಲದೆ ಎಲ್ಲಾ ಕಡೆ ತೆರೆದಿಟ್ಟಿದ್ದರೆ ಹೊರಗಿನವರಿಗೆ ಅದು ಡೇಟಾ ಕೊಡಲ್ಲ. ಯಾಕೆ ಕೊಡಲ್ಲ, ಬೇಕಾದರೆ ಏನು ಬದಲಾಯಿಸಬೇಕು ಅಂತ ಎರರ್ ಮೆಸೇಜಲ್ಲೇ ಉದ್ದಕ್ಕೆ ಹೇಳುತ್ತೆ.

ನಾನು ಪಾಸ್‌ವರ್ಡ್ ಹಾಕಿ, ಅತಿಥಿಗಳಿಗೆ ಬೇರೆ ವೈಫೈ ಮಾಡಿಕೊಟ್ಟೆ. ಅಡುಗೆಮನೆಯಲ್ಲಿ ಕೂತು ಫೋನಲ್ಲೇ ಲೆಕ್ಕ ನೋಡಬಹುದು ಅಂತ ಅಪ್ಪನಿಗೆ ತೋರಿಸಿದೆ. ಅವರು ಕೊಡೆ ಹಿಡಿದು ಮಳೆಮಾಪಕ ನೋಡಿಬಂದು, "ಇವತ್ತು 3 ಇಂಚು 20" ಅಂತ ನೋಟ್‌ಬುಕ್ ತೆಗೆದರು.