ಟವರ್ ಇಲ್ಲದ ಏರ್‌ಪೋರ್ಟಿನಲ್ಲಿ ಫ್ಲೈ-ಇನ್: ಇಳಿಯಲು ಅನುಮತಿ ಕೊಡುವವರು ಯಾರು?

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. ಇಲ್ಲಿನ ಸಣ್ಣ ಏರ್‌ಪೋರ್ಟಿನಲ್ಲಿ ವಿಮಾನ ಇಟ್ಟುಕೊಂಡಿರುವ ಏಳೆಂಟು ಮಂದಿ ಸೇರಿ ಒಂದು ಶನಿವಾರ ಬೆಳಿಗ್ಗೆ ಫ್ಲೈ-ಇನ್ ಬ್ರೇಕ್‌ಫಾಸ್ಟ್ ಇಟ್ಟುಕೊಳ್ಳೋಣ ಅಂತಿದ್ದೇವೆ. ನಲವತ್ತು ವಿಮಾನ ಬರಬಹುದು. ಸಂಚಾರ ನಿಯಂತ್ರಿಸುವ ಟವರ್ ಇಲ್ಲ. ರೇಡಿಯೋ ಹಿಡಿದು ಲ್ಯಾಂಡಿಂಗ್ ಕ್ಲಿಯರೆನ್ಸ್ ಕೊಡುವುದಕ್ಕೆ ಯಾರನ್ನು ನಿಲ್ಲಿಸಬೇಕು? ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಪರ್ಮಿಷನ್ ಬೇಕಾ?

ಉತ್ತರ: ಯಾರನ್ನೂ ನಿಲ್ಲಿಸಬೇಡಿ. ಎಫ್‌ಎಎ ಪರ್ಮಿಷನ್ನೂ ಬೇಡ. ಜನ ತಮ್ಮ ತಮ್ಮ ವಿಮಾನದಲ್ಲಿ ಬಂದು, ತಿಂಡಿ ತಿಂದು, ವಾಪಸು ಹೋಗುವುದಕ್ಕೆ ಯಾವ ವೇವರ್ (ನಿಯಮದಿಂದ ವಿನಾಯಿತಿ) ಕೂಡ ಬೇಕಿಲ್ಲ. ಏರೋಬ್ಯಾಟಿಕ್ಸ್, ಏರ್‌ಶೋ ಥರದ ಪ್ರದರ್ಶನ ಸೇರಿಸಿದರೆ ಮಾತ್ರ ಫಾರ್ಮ್ 7711-2 ತುಂಬಿ ನಿಮ್ಮ ಪ್ರದೇಶದ ಎಫ್‌ಎಎ ಕಚೇರಿಗೆ ಅರ್ಜಿ ಹಾಕಬೇಕು. ನಿಮಗೆ ನಿಜವಾಗಿ ಬೇಕಿರುವುದು ಮೂರು: ಏರ್‌ಪೋರ್ಟ್ ಮ್ಯಾನೇಜರ್‌ರ ಲಿಖಿತ ಒಪ್ಪಿಗೆ, ಏರ್‌ಪೋರ್ಟ್ ಮಾಲೀಕರ ಹೆಸರನ್ನೂ ಸೇರಿಸಿದ ಆ ದಿನದ ವಿಮೆ, ಮತ್ತು ಮ್ಯಾನೇಜರ್ ಕಡೆಯಿಂದ ಹೊರಡುವ ಒಂದು ನೋಟಮ್, ಅಂದರೆ ಪೈಲಟ್‌ಗಳಿಗೆ ಅಧಿಕೃತ ಸೂಚನೆ.

ಇಷ್ಟು ಹೇಳಿದರೂ ಮರುಪ್ರಶ್ನೆ ಬಂದೇ ಬರುತ್ತದೆ: "ಅಲ್ಲಾ ಸಾರ್, ಸೇಫ್ಟಿಗೆ ಅಂತ ಒಬ್ಬರು ರೇಡಿಯೋ ಹಿಡಿದು ನಿಂತರೆ ತಪ್ಪೇನು?" ತಪ್ಪಿದೆ. ಈ ನಂಬಿಕೆ ಎಷ್ಟು ಕಿತ್ತರೂ ಮತ್ತೆ ಚಿಗುರುವ ಜಾತಿಯದು, ಹಾಗಾಗಿ ಈ ಸಲ ಬೇರಿನಿಂದಲೇ ಶುರು ಮಾಡೋಣ.

ಬೇರು ಎರಡು ಕಡೆ ಇದೆ. ಒಂದು, ಭಾರತದಲ್ಲಿ ಹಾರಾಟ ಕಲಿತವರ ಅಭ್ಯಾಸ. ಜಕ್ಕೂರಿನಂಥ ಕಡೆ ತರಬೇತಿ ಪಡೆದವರಿಗೆ ಫ್ಲೈಟ್ ಪ್ಲಾನ್, ಎಡಿಸಿ (ವಾಯುರಕ್ಷಣಾ ಅನುಮತಿ) ನಂಬರ್, ಎಟಿಸಿ (ವಿಮಾನ ಸಂಚಾರ ನಿಯಂತ್ರಕರು) ಇಲ್ಲದೆ ಚಕ್ರ ನೆಲ ಬಿಡುವ ಕಲ್ಪನೆಯೇ ಇರುವುದಿಲ್ಲ. ಎರಡನೆಯದು ಆಷ್‌ಕಾಷ್. ವಿಸ್ಕಾನ್ಸಿನ್‌ನ ಈ ಊರಿಗೆ ಪ್ರತಿ ಜುಲೈ ಕೊನೆಯಲ್ಲಿ ಇಎಎ ಎಂಬ ವಿಮಾನಪ್ರಿಯರ ಸಂಘದ ಏರ್‌ವೆಂಚರ್ ಮೇಳಕ್ಕಾಗಿ ಸುಮಾರು ಹತ್ತು ಸಾವಿರ ವಿಮಾನ ಬಂದು ಸೇರುತ್ತವೆ. ರಿಪನ್‌ನಿಂದ ಫಿಸ್ಕ್‌ವರೆಗೆ ರೈಲು ಹಳಿ ಹಿಡಿದು, 1,800 ಅಡಿ ಎತ್ತರದಲ್ಲಿ 90 ನಾಟ್ ವೇಗದಲ್ಲಿ, ಒಂದರ ಹಿಂದೊಂದು ಬರಬೇಕು. ಕೆಳಗಿನಿಂದ "ರೆಕ್ಕೆ ಅಲ್ಲಾಡಿಸಿ" ಅನ್ನುತ್ತಾರೆ, ಪೈಲಟ್ ಅಲ್ಲಾಡಿಸುತ್ತಾನೆ, "ಆ ಹಸಿರು ಚುಕ್ಕಿಯ ಮೇಲೆ ಇಳಿಯಿರಿ" ಅನ್ನುತ್ತಾರೆ. ಇದನ್ನು ಒಮ್ಮೆ ನೋಡಿ ಬಂದವರಿಗೆ ಫ್ಲೈ-ಇನ್ ಅಂದರೆ ಹೀಗೇ ಇರಬೇಕು ಅನಿಸಿಬಿಡುತ್ತದೆ.

ಅವರ ಕಣ್ಣಿಗೆ ಬೀಳದ ವಿಷಯ ಏನೆಂದರೆ ಆಷ್‌ಕಾಷ್‌ನ ವಿಟ್‌ಮನ್ ಏರ್‌ಪೋರ್ಟಿಗೆ ವರ್ಷವಿಡೀ ಟವರ್ ಇದೆ. ಆ ವಾರ ಗುಲಾಬಿ ಅಂಗಿ ಹಾಕಿ ನಿಂತವರು ಸ್ವಯಂಸೇವಕರಲ್ಲ, ಎಫ್‌ಎಎಯ ಪ್ರಮಾಣಿತ ಕಂಟ್ರೋಲರ್‌ಗಳು. ಅಲ್ಲಿನ ವಿಧಾನವನ್ನು ಎಫ್‌ಎಎ ಮೊದಲೇ ಪುಸ್ತಿಕೆಯಾಗಿ ಪ್ರಕಟಿಸುತ್ತದೆ, ಬರುವ ಪ್ರತಿ ಪೈಲಟ್ ಅದನ್ನು ಓದಿರಬೇಕು. 2013ರಲ್ಲಿ ಈ ಕಂಟ್ರೋಲರ್‌ಗಳ ಖರ್ಚಿಗೆಂದು ಎಫ್‌ಎಎ ಇಎಎಯಿಂದ ಕೇಳಿದ್ದು ಸುಮಾರು 4,47,000 ಡಾಲರ್. ನಿಮ್ಮ ಪ್ಯಾನ್‌ಕೇಕ್ ಬಜೆಟ್ ಎಷ್ಟು?

ಈಗ ಕಾನೂನು. ಟವರ್ ಇಲ್ಲದ ಕಡೆ ಬಳಸುವ ಯೂನಿಕಾಮ್ ಎಂಬ ಮಾಹಿತಿ ಹೇಳುವ ರೇಡಿಯೋ ಸ್ಟೇಷನ್ನಿಗೆ ಲೈಸೆನ್ಸ್ ಕೊಡುವುದು ಎಫ್‌ಸಿಸಿ, ಅಮೆರಿಕದ ಸಂವಹನ ಆಯೋಗ. ಯೂನಿಕಾಮನ್ನು ಸಂಚಾರ ನಿಯಂತ್ರಣಕ್ಕೆ ಬಳಸಬಾರದು ಎಂದು ಆಯೋಗದ ನಿಯಮದಲ್ಲೇ ಬರೆದಿದೆ. ನೆಲದ ಮೇಲೆ ನಿಂತು ಹ್ಯಾಂಡ್‌ಹೆಲ್ಡ್‌ನಲ್ಲಿ ಮಾತಾಡುವುದಕ್ಕೂ ಗ್ರೌಂಡ್ ಸ್ಟೇಷನ್ ಲೈಸೆನ್ಸ್ ಬೇಕು. ವಿಮಾನದೊಳಗಿನ ರೇಡಿಯೋಗೆ ಅಮೆರಿಕದೊಳಗೆ ಇರುವ ವಿನಾಯಿತಿ ಅದಕ್ಕಿಲ್ಲ. ಏರ್‌ಪೋರ್ಟಿನ ಯೂನಿಕಾಮ್‌ನಲ್ಲಿ ಕೂತವರು ಗಾಳಿ ಯಾವ ಕಡೆಯಿಂದ, ಬಂದವರು ಯಾವ ರನ್‌ವೇ ಬಳಸುತ್ತಿದ್ದಾರೆ, ಪೆಟ್ರೋಲ್ ಇದೆಯಾ, ಪಾರ್ಕಿಂಗ್ ಎಲ್ಲಿ, ರನ್‌ವೇ ಮೇಲೆ ನಾಯಿ ಬಂದಿದೆಯಾ ಎಂದು ಹೇಳಬಹುದು. "ಕ್ಲಿಯರ್ಡ್ ಟು ಲ್ಯಾಂಡ್", "ನೀವು ನಂಬರ್ ಟು", "ಒಂದು ಸುತ್ತು ಹಾಕಿ ಬನ್ನಿ" ಅನ್ನುವ ಹಾಗಿಲ್ಲ.

ಕಾನೂನು ಪಕ್ಕಕ್ಕಿಡಿ, ಅದು ಕೆಲಸವನ್ನೂ ಮಾಡುವುದಿಲ್ಲ. ರ‍್ಯಾಂಪ್ (ವಿಮಾನ ನಿಲ್ಲಿಸುವ ಅಂಗಳದ) ಮೇಲೆ ನಿಂತವನಿಗೆ ಹ್ಯಾಂಗರ್ ಅಡ್ಡ, ಬೆಳಗಿನ ಸೂರ್ಯ ಎದುರು. ಬೇಸ್ ಲೆಗ್ (ಇಳಿಯುವ ಮುಂಚಿನ ಅಡ್ಡ ಹಾದಿ) ಅರ್ಧ ಕಾಣುವುದೇ ಇಲ್ಲ. ಬರುತ್ತಿರುವ ಬೊನಾಂಜಾ ವಿಮಾನ ಎಷ್ಟು ವೇಗದಲ್ಲಿದೆ, ಅದರ ಮುಂದಿನ ಪುಟ್ಟ ಕಬ್ ವಿಮಾನ ಎಷ್ಟು ನಿಧಾನ ಎಂಬ ಅಂದಾಜೂ ಸಿಗುವುದಿಲ್ಲ. ವಿಮಾನದ ವಿಎಚ್‌ಎಫ್ ರೇಡಿಯೋದಲ್ಲಿ ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಉಳಿದವರಿಗೆ ಕೇಳುವುದು ಕೀಚಲು ಶಬ್ದ ಮಾತ್ರ. ನಲವತ್ತು ವಿಮಾನ ಬರುವ ಬೆಳಿಗ್ಗೆ ಇರುವುದೊಂದೇ ಫ್ರೀಕ್ವೆನ್ಸಿ. ಅದರಲ್ಲಿ ನಿಮ್ಮ ಉಪಕಾರಿ ಸ್ನೇಹಿತ ಪ್ರತಿಯೊಬ್ಬರಿಗೂ ಉತ್ತರ ಕೊಡುತ್ತಾ ಕೂತರೆ ಪೈಲಟ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳಬೇಕಾದ್ದಕ್ಕೆ ಜಾಗವೇ ಇರುವುದಿಲ್ಲ. ಸಾಲದ್ದಕ್ಕೆ 122.8ರಂಥ ಫ್ರೀಕ್ವೆನ್ಸಿಯನ್ನು ಸುತ್ತಮುತ್ತಲಿನ ಹಲವು ಏರ್‌ಪೋರ್ಟುಗಳು ಹಂಚಿಕೊಂಡಿರುತ್ತವೆ. ನಿಮ್ಮವನ "ಲ್ಯಾಂಡ್ ಆಗಿ" ಐವತ್ತು ಮೈಲಿ ಆಚೆ ಬೇರೆ ರನ್‌ವೇಗೆ ಇಳಿಯುತ್ತಿರುವವನ ಕಿವಿಗೂ ಬೀಳುತ್ತದೆ.

ಇನ್ನು ಜೆ-3 ಕಬ್‌ನಂಥ ವಿಮಾನ. ಹಲವು ಕಬ್‌ಗಳಲ್ಲಿ ಎಲೆಕ್ಟ್ರಿಕಲ್ ಸಿಸ್ಟಮ್ಮೇ ಇಲ್ಲ, ರೇಡಿಯೋ ಇಲ್ಲ. ಟವರ್ ಇಲ್ಲದ ಕಡೆ ರೇಡಿಯೋ ಇಲ್ಲದೆ ಬರುವುದು ಪೂರ್ತಿ ಕಾನೂನುಬದ್ಧ, ಮತ್ತು ಫ್ಲೈ-ಇನ್‌ಗೆ ಇಂಥವರೇ ಆಸೆಯಿಂದ ಬರುತ್ತಾರೆ. ನಿಮ್ಮವನು "ಕ್ಲಿಯರ್ಡ್" ಅಂದ ಕೂಡಲೇ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿಯಲ್ಲಿರುವ ಪೈಲಟ್ ಹೊರಗೆ ನೋಡುವುದನ್ನು ಅರ್ಧ ನಿಲ್ಲಿಸುತ್ತಾನೆ. ಅವನ ಹೊಟ್ಟೆ ಕೆಳಗೆ ಹಳದಿ ಕಬ್ ಒಂದು ಸದ್ದಿಲ್ಲದೆ ಇಳಿಯುತ್ತಿರುತ್ತದೆ. ಸಿಗ್ನಲ್ ಇಲ್ಲದ ಸರ್ಕಲ್ಲಿನಲ್ಲಿ ಯಾರೋ ದಾರಿಹೋಕ ನಿಂತು "ಬನ್ನಿ ಬನ್ನಿ" ಎಂದು ಕೈಬೀಸಿದಾಗ ಆಗುವ ಅನಾಹುತವೇ ಇದು.

ಹಾಗಾದರೆ ವ್ಯವಸ್ಥೆ ಏನು? ವ್ಯವಸ್ಥೆ ಆಗಲೇ ಇದೆ, ಎಲ್ಲ ಪೈಲಟ್‌ಗಳೂ ಅದನ್ನು ಕಲಿತೇ ಪರೀಕ್ಷೆ ಪಾಸಾಗಿದ್ದಾರೆ. ಹತ್ತು ಮೈಲಿ ದೂರದಿಂದ ತಾನು ಬರುತ್ತಿದ್ದೇನೆಂದು ಹೇಳುವುದು. ಡೌನ್‌ವಿಂಡ್‌ನ (ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ಎದುರಾಗಿ ಹಾರುವ ಹಾದಿ) ನಡುಭಾಗಕ್ಕೆ 45 ಡಿಗ್ರಿಯಲ್ಲಿ ಸೇರುವುದು. ಬೇರೆ ಸೂಚನೆ ಇಲ್ಲದಿದ್ದರೆ ನೆಲದಿಂದ ಸಾವಿರ ಅಡಿ ಎತ್ತರ, ಎಡ ತಿರುವು. ಪ್ರತಿ ಮಾತಿನ ಮೊದಲಿಗೂ ಕೊನೆಗೂ ಏರ್‌ಪೋರ್ಟಿನ ಹೆಸರು. ಇಳಿಯಲು ಬರುತ್ತಿರುವವರಲ್ಲಿ ಕೆಳಗಿರುವವನಿಗೆ ಆದ್ಯತೆ, ಆದರೆ ಅದನ್ನು ನೆಪ ಮಾಡಿಕೊಂಡು ಇನ್ನೊಬ್ಬರ ಮುಂದೆ ನುಗ್ಗುವಂತಿಲ್ಲ. "ಸುತ್ತಮುತ್ತ ಯಾರಿದ್ದೀರಿ ಎಲ್ಲರೂ ಹೇಳಿ" ಎಂದು ರೇಡಿಯೋದಲ್ಲಿ ಕೂಗುವುದನ್ನು ಎಫ್‌ಎಎ ಸ್ಪಷ್ಟವಾಗಿ ಬೇಡ ಅಂದಿದೆ. ದಯವಿಟ್ಟು ನಿಮ್ಮ ಆಹ್ವಾನದಲ್ಲೂ ಅದನ್ನೇ ಬರೆಯಿರಿ.

ಆಯೋಜಕರ ಕೆಲಸ ಆ ಒಂದು ಪುಟದ ಆಹ್ವಾನದಲ್ಲೇ ಮುಕ್ಕಾಲು ಮುಗಿಯುತ್ತದೆ. ಏರ್‌ಪೋರ್ಟಿನ ಕೋಡ್, ಫ್ರೀಕ್ವೆನ್ಸಿ, ರನ್‌ವೇ ಉದ್ದ, ಪ್ಯಾಟರ್ನ್ (ಇಳಿಯುವ ಮುಂಚಿನ ಸುತ್ತಿನ) ಎತ್ತರ, ಬಲ ತಿರುವಿದ್ದರೆ ಅದು ದಪ್ಪ ಅಕ್ಷರದಲ್ಲಿ, ತಪ್ಪಿಸಬೇಕಾದ ಮನೆಗಳ ಸಾಲು, ರನ್‌ವೇ ಬಿಟ್ಟ ಮೇಲೆ ಯಾವ ಕಡೆ ತಿರುಗಬೇಕು, ಒಂದು ಫೋನ್ ನಂಬರ್. ತೊಡೆಯ ಮೇಲಿಟ್ಟು ಓದುವಷ್ಟು ದೊಡ್ಡ ಅಕ್ಷರ. "ಲೋ ಪಾಸ್ ಬೇಡ" ಅಂತ ಒಂದು ಸಾಲು ಕಡ್ಡಾಯ. ಇಳಿಯುವ ಉದ್ದೇಶವಿಲ್ಲದೆ ಜನರ ತಲೆಮೇಲೆ ಕೆಳಗೆ ಹಾರಿದರೆ ಕನಿಷ್ಠ ಎತ್ತರದ ನಿಯಮ ಮುರಿದಂತೆ, ಲೈಸೆನ್ಸಿಗೆ ಕುತ್ತು.

ಸಮಯದ ಲೆಕ್ಕ ಹಾಕಿ. ಪ್ಯಾರಲಲ್ ಟ್ಯಾಕ್ಸಿವೇ (ರನ್‌ವೇ ಪಕ್ಕದ ಓಡಾಟದ ದಾರಿ) ಇದ್ದರೆ ಎರಡು ನಿಮಿಷಕ್ಕೊಂದು ವಿಮಾನ ನೆಮ್ಮದಿಯಾಗಿ ಇಳಿಯುತ್ತದೆ. ಇಲ್ಲದಿದ್ದರೆ ಇಳಿದವನು ರನ್‌ವೇ ಮೇಲೆಯೇ ತಿರುಗಿ ವಾಪಸು ಬರಬೇಕು. ಹತ್ತು ನಾಟ್‌ನಲ್ಲಿ 2,000 ಅಡಿ ದಾಟಲು ಎರಡು ನಿಮಿಷ, ಇಳಿದು ತಿರುಗುವುದೂ ಸೇರಿ ನಾಲ್ಕೈದು ನಿಮಿಷ. ಅಂದರೆ ಗಂಟೆಗೆ ಹನ್ನೆರಡರಿಂದ ಹದಿನೈದು. "ಎಂಟೂವರೆಗೆ ಸರಿಯಾಗಿ ತಿಂಡಿ" ಎಂದು ಬರೆದಿರೋ, ಎಂಟು ಇಪ್ಪತ್ತಕ್ಕೆ ಹತ್ತು ವಿಮಾನ ಒಟ್ಟಿಗೆ ಬಂದು ಸುತ್ತತೊಡಗುತ್ತವೆ. "ಎಂಟರಿಂದ ಹನ್ನೊಂದು, ಯಾವಾಗ ಬಂದರೂ ಬಿಸಿಯಾಗಿ ಸಿಗುತ್ತದೆ" ಎಂದು ಬರೆಯಿರಿ. ನಿಮಿಷದ ಲೆಕ್ಕದಲ್ಲಿ ಸ್ಲಾಟ್ ಕೊಡಲು ಹೋಗಬೇಡಿ, ತಡವಾದವನು ಅವಸರ ಮಾಡುತ್ತಾನೆ.

ಜನ ರೇಡಿಯೋ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಪೆಟ್ಟು ಬೀಳುವುದು ಪಾರ್ಕಿಂಗಿನಲ್ಲಿ. ಸೆಸ್ನಾ 172ರ ರೆಕ್ಕೆ 36 ಅಡಿ, ಸಿರಸ್ ಎಸ್‌ಆರ್22ದು 38 ದಾಟುತ್ತದೆ. ಒಂದಕ್ಕೆ 50 ಅಡಿ ಅಗಲ ಕೊಡಿ, ಸಾಲಿನಿಂದ ಸಾಲಿಗೆ 100 ಅಡಿ. ಹತ್ತು ಹತ್ತರ ನಾಲ್ಕು ಸಾಲಿಗೆ ನಾಲ್ಕೂವರೆ ಎಕರೆ ಹುಲ್ಲು ಬೇಕು. ಅಷ್ಟಿಲ್ಲದಿದ್ದರೆ ಅಷ್ಟು ವಿಮಾನ ಕರೆಯಬೇಡಿ. ಹುಲ್ಲು ಕತ್ತರಿಸಿದ ಮೇಲೆ ಅಡ್ಡಡ್ಡ ನಡೆದು ಇಲಿ, ಹೆಗ್ಗಣದ ಬಿಲ ಹುಡುಕಿ, ತುಂಬಿ, ತುಂಬಲಾಗದ್ದಕ್ಕೆ ಬಣ್ಣ ಬಳಿಯಿರಿ. ಮುಂದಿನ ಚಕ್ರ ಬಿಲಕ್ಕಿಳಿದರೆ ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ, ತಾಗಿತೆಂದರೆ ಎಂಜಿನ್ ಬಿಚ್ಚಿ ನೋಡದೆ ಗತಿಯಿಲ್ಲ.

ದಾರಿ ತೋರಿಸುವವರು ಆರು ಜನ ಇರಲಿ, ಹೊಳೆಯುವ ಜಾಕೆಟ್ ಹಾಕಿ. ಪೈಲಟ್ ಕೂರುವುದು ಎಡಗಡೆ, ಆದ್ದರಿಂದ ಎಡ ರೆಕ್ಕೆ ತುದಿಯ ಮುಂದೆ ನಿಲ್ಲಬೇಕು. ಪೈಲಟ್‌ನ ಕಣ್ಣು ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಬಾಲದ ಚಕ್ರದ ವಿಮಾನದವರಿಗೆ ಮುಂದೇನೂ ಕಾಣುವುದಿಲ್ಲ, ಅವಕ್ಕೆ ರೆಕ್ಕೆ ಪಕ್ಕ ಒಬ್ಬರು ನಡೆಯಲಿ. ಪ್ರೊಪೆಲ್ಲರ್ ಪೂರ್ತಿ ನಿಲ್ಲುವವರೆಗೆ ಯಾರೂ ಹತ್ತಿರ ಹೋಗಬಾರದು, ನಿಂತ ಮೇಲೂ ಅದನ್ನು ಕೈಯಲ್ಲಿ ತಿರುಗಿಸಬಾರದು. ಮ್ಯಾಗ್ನೆಟೋದ (ಎಂಜಿನ್‌ಗೆ ಕಿಡಿ ಕೊಡುವ ಭಾಗ) ತಂತಿಯೊಂದು ಕಡಿದಿದ್ದರೆ ಸ್ವಿಚ್ ಆಫ್ ಇದ್ದರೂ ಎಂಜಿನ್ ಒದೆಯುತ್ತದೆ. ಜನರಿಗೂ ವಿಮಾನಗಳಿಗೂ ನಡುವೆ ಹಗ್ಗ ಕಟ್ಟಿ, ಒಂದೇ ಬಾಗಿಲು ಇಡಿ. ಊಟದ ಡೇರೆ ವಿಮಾನಗಳ ಹಿಂದೆ ಬೇಡವೇ ಬೇಡ. ಒಬ್ಬ ಎಂಜಿನ್ ಪರೀಕ್ಷೆಗೆ ಥ್ರಾಟಲ್ ಏರಿಸಿದರೆ ಡೇರೆ, ಪೇಪರ್ ತಟ್ಟೆ, ಸಿರಪ್ ಎಲ್ಲ ಪಕ್ಕದ ಸಾಲಿಗೆ. ಡೇರೆಯ ಪ್ರತಿ ಕಾಲಿಗೆ ಕನಿಷ್ಠ 40 ಪೌಂಡ್ ತೂಕ ಕಟ್ಟಿ.

ತಿಂಡಿ ಬಗ್ಗೆ ಒಂದೇ ಮಾತು: ಎಲೆಕ್ಟ್ರಿಕ್ ಕಾವಲಿ 1,500 ವಾಟ್, ಅಂದರೆ ಹನ್ನೆರಡೂವರೆ ಆಂಪಿಯರ್. ಹ್ಯಾಂಗರಿನ ಗೋಡೆಯ ಪ್ಲಗ್‌ಗಳೆಲ್ಲ ಸಾಮಾನ್ಯವಾಗಿ ಒಂದೇ ಬ್ರೇಕರ್‌ಗೆ ಸೇರಿರುತ್ತವೆ, ಎರಡನೆಯ ಕಾವಲಿ ಹಚ್ಚಿದ ಕ್ಷಣ ಕಾಫಿಯೂ ಆರುತ್ತದೆ. ಪ್ರೊಪೇನ್ ಒಲೆ ಇಡಿ, ವಿಮಾನಗಳಿಂದ ದೂರ. ಅದರ ಮೇಲೆ ಪ್ಯಾನ್‌ಕೇಕ್ ಬದಲು ಇಡ್ಲಿ ಬೇಯಿಸಿದರೆ ಯಾರೂ ಬೇಡ ಅನ್ನುವುದಿಲ್ಲ. ಸಾರ್ವಜನಿಕರಿಗೆ ಮಾರುವುದಾದರೆ ಕೌಂಟಿ ಆರೋಗ್ಯ ಇಲಾಖೆಯ ತಾತ್ಕಾಲಿಕ ಪರವಾನಗಿ ಬೇಕಾಗುತ್ತದೆ, ಮೊದಲೇ ವಿಚಾರಿಸಿ. ಪೆಟ್ರೋಲ್ ಇಡುವವರಿಗೂ ವಾರ ಮೊದಲೇ ಫೋನ್ ಮಾಡಿ. ನಲವತ್ತು ವಿಮಾನ ತಲಾ ಹದಿನೈದು ಗ್ಯಾಲನ್ ಹಾಕಿಸಿದರೂ 600 ಗ್ಯಾಲನ್ 100ಎಲ್‌ಎಲ್ (ವಿಮಾನದ ಪೆಟ್ರೋಲ್) ಬೇಕು. ಹವಾಮಾನದ ತೀರ್ಮಾನ ಹಿಂದಿನ ಸಂಜೆ ಆರಕ್ಕೊಮ್ಮೆ, ಬೆಳಿಗ್ಗೆ ಆರಕ್ಕೊಮ್ಮೆ. ರದ್ದು ಮಾಡುವ ಅಧಿಕಾರ ಒಬ್ಬರಿಗೇ ಇರಲಿ.

ನೀವು ಕೇಳಲಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳಿಯೇ ಕೇಳುತ್ತೀರಿ: "ಬಂದ ಮಕ್ಕಳನ್ನು ಒಂದು ರೌಂಡ್ ಹಾರಿಸಿ ಐವತ್ತು ಡಾಲರ್ ತಗೊಂಡರೆ ಖರ್ಚು ಗಿಟ್ಟುತ್ತಲ್ಲ?" ಪ್ರೈವೇಟ್ ಪೈಲಟ್ ಲೈಸೆನ್ಸಿನಲ್ಲಿ ಹಾಗೆ ಮಾಡುವಂತಿಲ್ಲ. ಜೊತೆಗೆ ಹೋದವರ ನಡುವೆ ಪೆಟ್ರೋಲ್, ಆಯಿಲ್, ಏರ್‌ಪೋರ್ಟ್ ಶುಲ್ಕ, ಬಾಡಿಗೆ ಹಂಚಿಕೊಳ್ಳಬಹುದು, ಅದೂ ಪೈಲಟ್ ತನ್ನ ಪಾಲು ಪೂರ್ತಿ ಹಾಕಿ, ಎಲ್ಲರಿಗೂ ಹೋಗುವ ಕಾರಣ ಒಂದೇ ಆಗಿದ್ದು. ಬೋರ್ಡ್ ಹಾಕಿ ಕರೆದರೆ ಅದು ಹಂಚಿಕೆಯಾಗುವುದಿಲ್ಲ, ವ್ಯಾಪಾರವಾಗುತ್ತದೆ. ದತ್ತಿ ಸಂಸ್ಥೆಗೆಂದು ಹಣ ಎತ್ತುವುದಕ್ಕೆ ಎಫ್‌ಎಎ ನಿಯಮ 91.146ರಲ್ಲಿ ದಾರಿ ಇದೆ: ಪ್ರೈವೇಟ್ ಪೈಲಟ್‌ಗೆ ಕನಿಷ್ಠ 500 ಗಂಟೆ ಅನುಭವ, ಹಗಲು ಮಾತ್ರ, 25 ಮೈಲಿಯೊಳಗೆ ಸುತ್ತಿ ಅದೇ ಏರ್‌ಪೋರ್ಟಿಗೆ ವಾಪಸು, ವರ್ಷಕ್ಕೆ ನಾಲ್ಕೇ ಸಲ, ಏಳು ದಿನ ಮೊದಲು ಎಫ್‌ಎಎ ಕಚೇರಿಗೆ ಪತ್ರ, ಅದರ ಜೊತೆ ಪೈಲಟ್‌ಗಳ ದಾಖಲೆಯ ಪ್ರತಿ. ಮನೆಯಲ್ಲಿ ಕಟ್ಟಿದ ಎಕ್ಸ್‌ಪೆರಿಮೆಂಟಲ್ ವಿಮಾನಕ್ಕೆ ಈ ದಾರಿ ಇಲ್ಲ.

ಹಣದ ಗೋಜೇ ಬೇಡ ಅನ್ನುವವರಿಗೆ ಇಎಎಯ ಯಂಗ್ ಈಗಲ್ಸ್ ಇದೆ, ಮಕ್ಕಳನ್ನು ವಿಮಾನದಲ್ಲಿ ಹಾರಿಸುವ ಕಾರ್ಯಕ್ರಮ. 1992ರಿಂದ ನಡೆಯುತ್ತಿದೆ, ಎಂಟರಿಂದ ಹದಿನೇಳು ವರ್ಷದವರಿಗೆ, ಪೂರ್ತಿ ಉಚಿತ, ಹೆತ್ತವರ ಸಹಿ ಕಡ್ಡಾಯ. ಹತ್ತಿರದ ಇಎಎ ಚಾಪ್ಟರ್ (ಸ್ಥಳೀಯ ಶಾಖೆ) ಜೊತೆ ಸೇರಿ ಮಾಡಿ. ಬೆಳಿಗ್ಗೆ ಮೊದಲು ಹಾರಾಟ, ಆಮೇಲೆ ತಿಂಡಿ, ಈ ಕ್ರಮ ತಪ್ಪಿಸಬೇಡಿ. ಬಿಸಿಲೇರಿ ಗಾಳಿ ಕುಲುಕತೊಡಗಿದ ಮೇಲೆ ನಾಲ್ಕು ಪ್ಯಾನ್‌ಕೇಕ್ ತಿಂದ ಹುಡುಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳುವ ಪೈಲಟ್ ತನ್ನ ಕಾರ್ಪೆಟ್ ತಾನೇ ತೊಳೆಯಬೇಕಾಗುತ್ತದೆ.