ಗಾಂಜಾ ‘ಕಾನೂನುಬದ್ಧ’: ಜನ ಹೌದು ಎನ್ನುವುದು ಯಾವುದಕ್ಕೆ?

2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಗ್ಯಾಲಪ್ ಸಂಸ್ಥೆ ಒಂದು ಸಮೀಕ್ಷೆ ನಡೆಸಿತು. ಗಾಂಜಾ ಬಳಕೆ ಕಾನೂನುಬದ್ಧವಾಗಬೇಕು ಎಂದವರು ಶೇ 70. ಮೂರು ತಿಂಗಳ ನಂತರ, 2024ರ ಜನವರಿಯಲ್ಲಿ, ಪ್ಯೂ ಸಂಶೋಧನಾ ಕೇಂದ್ರ ಅದೇ ದೇಶದ ಜನರನ್ನು ಕೇಳಿತು. ಮೋಜಿಗಾಗಿ ಗಾಂಜಾ ಬಳಸುವುದನ್ನೂ ಕಾನೂನು ಒಪ್ಪಲಿ ಎಂದವರು ಶೇ 57 ಮಾತ್ರ. ಅಷ್ಟರಲ್ಲೇ ಜನ ಮನಸ್ಸು ಬದಲಾಯಿಸಿಬಿಟ್ಟರಾ? ಇಲ್ಲ. ಕೇಳಿದ ಪ್ರಶ್ನೆಯೇ ಬೇರೆ ಇತ್ತು.

ಗ್ಯಾಲಪ್ ಕೇಳುವುದು ಸರಳ ಪ್ರಶ್ನೆ. ಗಾಂಜಾ ಬಳಕೆಯನ್ನು ಕಾನೂನುಬದ್ಧ ಮಾಡಬೇಕೋ, ಬೇಡವೋ? ಉತ್ತರ ಎರಡೇ. ಪ್ಯೂ ಮೂರು ಉತ್ತರ ಮುಂದಿಡುತ್ತದೆ. ಔಷಧಿಗೂ ಮೋಜಿಗೂ ಇರಲಿ ಎಂದವರು ಶೇ 57. ಔಷಧಿಗೆ ಮಾತ್ರ ಇರಲಿ ಎಂದವರು ಶೇ 32. ಯಾವುದಕ್ಕೂ ಬೇಡ ಎಂದವರು ಶೇ 11. ಈಗ ಇದೇ ಅಂಕಿಗಳನ್ನು ಇಟ್ಟುಕೊಂಡು ಒಬ್ಬರು “ಶೇ 89 ಜನ ಗಾಂಜಾ ಪರ” ಎಂದು ಬರೆಯಬಹುದು. ಇನ್ನೊಬ್ಬರು “ಶೇ 43 ಜನಕ್ಕೆ ಮೋಜಿನ ಗಾಂಜಾ ಬೇಡ” ಎಂದು ಬರೆಯಬಹುದು. ಎರಡೂ ಸುಳ್ಳಲ್ಲ. ‘ಔಷಧಿಗೆ ಮಾತ್ರ’ ಎನ್ನುವ ಮೂರನೇ ಒಂದು ಭಾಗದಷ್ಟು ಜನರನ್ನು ಯಾವ ಕಡೆ ನಿಲ್ಲಿಸುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಹಾಗಾಗಿ ಈ ವಿಷಯದಲ್ಲಿ ಜನರ ಅಭಿಪ್ರಾಯ ಅರ್ಥವಾಗಬೇಕಾದರೆ ಮೊದಲು ಪದಗಳು ಅರ್ಥವಾಗಬೇಕು.

‘ಮೋಜಿನ ಬಳಕೆ’ ಅಥವಾ ‘ಮನರಂಜನಾ ಬಳಕೆ’ ಎಂದರೆ ಕಾಯಿಲೆ ಇಲ್ಲದೆ, ವೈದ್ಯರ ಚೀಟಿ ಇಲ್ಲದೆ, ವಯಸ್ಕರು ತಮ್ಮ ಖುಷಿಗೆ ಬಳಸುವುದು. ಗಾಂಜಾದಲ್ಲಿ ಅಮಲು ತರುವ ಅಂಶದ ಹೆಸರು ಟಿಎಚ್‌ಸಿ. ಔಷಧಿಯಾಗಿ ಬಳಸಿದರೂ ಮೋಜಿಗೆ ಬಳಸಿದರೂ ಗಿಡ ಒಂದೇ. ಬೇರೆಯಾಗುವುದು ಕಾರಣ ಮತ್ತು ಅನುಮತಿ. ಇದು ಸುಲಭವಾಗಿ ಕಾಣುತ್ತದೆ. ಗೊಂದಲ ಜಾಸ್ತಿ ಇರುವುದು ಇನ್ನೊಂದು ಜೋಡಿ ಪದಗಳಲ್ಲಿ: ಅಪರಾಧಮುಕ್ತ ಮತ್ತು ಕಾನೂನುಬದ್ಧ.

ಅಪರಾಧಮುಕ್ತ ಮಾಡುವುದು ಎಂದರೆ ಸ್ವಂತ ಬಳಕೆಗೆ ಸ್ವಲ್ಪ ಗಾಂಜಾ ಇಟ್ಟುಕೊಂಡವರನ್ನು ಜೈಲಿಗೆ ಹಾಕದಿರುವುದು. ಅವರ ಹೆಸರಲ್ಲಿ ಅಪರಾಧದ ದಾಖಲೆ ತೆರೆಯದಿರುವುದು. ಆದರೆ ಮಾರಾಟ ಅಪರಾಧವಾಗಿಯೇ ಉಳಿಯುತ್ತದೆ. ಅಂಗಡಿ ಇರುವುದಿಲ್ಲ. 1973ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ ಇದನ್ನು ಮೊದಲು ಮಾಡಿತು. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತನಕ ಇಟ್ಟುಕೊಂಡು ಸಿಕ್ಕಿಬಿದ್ದರೆ ಹೆಚ್ಚೆಂದರೆ 100 ಡಾಲರ್ ದಂಡ, ಅಷ್ಟೇ. ಪೋರ್ಚುಗಲ್ 2001ರಲ್ಲಿ ಇನ್ನೂ ಮುಂದೆ ಹೋಯಿತು. ಗಾಂಜಾ ಮಾತ್ರವಲ್ಲ, ಎಲ್ಲ ಮಾದಕ ವಸ್ತುಗಳಿಗೂ ಈ ನಿಯಮ ತಂದಿತು. ಹತ್ತು ದಿನದ ಬಳಕೆಗೆ ಆಗುವಷ್ಟು ಇಟ್ಟುಕೊಂಡವರನ್ನು ಅಲ್ಲಿ ಕೋರ್ಟಿಗೆ ಎಳೆಯುವುದಿಲ್ಲ. ಕಾನೂನು, ಆರೋಗ್ಯ, ಸಮಾಜಸೇವೆ ತಿಳಿದವರಿರುವ ಒಂದು ಸಮಿತಿಯ ಮುಂದೆ ಕಳಿಸುತ್ತಾರೆ. ಚಟ ಅಂಟಿದೆ ಅನ್ನಿಸಿದರೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಪೋರ್ಚುಗಲ್‌ನಲ್ಲಿ ಮಾದಕ ವಸ್ತು ‘ಲೀಗಲ್’ ಎಂದು ಆಗಾಗ ಬರೆಯುವುದನ್ನು ನೋಡುತ್ತೇವೆ. ಅದು ತಪ್ಪು.

ಕಾನೂನುಬದ್ಧ ಮಾಡುವುದು ಎಂದರೆ ಬೆಳೆಯುವುದರಿಂದ ಹಿಡಿದು ಬಳಸುವವರೆಗೆ ಒಂದು ಕಾನೂನಿನ ದಾರಿ ಮಾಡಿಕೊಡುವುದು. ಯಾರು ಬೆಳೆಯಬಹುದು, ಎಷ್ಟು ವಯಸ್ಸಿನವರು ಪಡೆಯಬಹುದು, ಎಷ್ಟು ಇಟ್ಟುಕೊಳ್ಳಬಹುದು ಎಲ್ಲ ಅದರಲ್ಲಿ ಬರೆದಿರುತ್ತದೆ.

ಇವೆರಡರ ನಡುವೆ ನೆದರ್ಲೆಂಡ್ಸ್ ನಿಂತಿದೆ. ಅಲ್ಲಿ ಗಾಂಜಾ ಕಾನೂನುಬದ್ಧ ಎಂದೇ ತುಂಬಾ ಜನ ತಿಳಿದಿದ್ದಾರೆ. ನಿಜಕ್ಕೂ ಅಲ್ಲ. 1976ರಲ್ಲಿ ಅವರು ಕಾನೂನು ತಿದ್ದಿ, ಗಾಂಜಾವನ್ನು ಹೆಚ್ಚು ಅಪಾಯದ ಮಾದಕ ವಸ್ತುಗಳಿಂದ ಬೇರೆ ಮಾಡಿದರು. ‘ಕಾಫಿ ಶಾಪ್’ ಎನ್ನುವ ಅಂಗಡಿಗಳಲ್ಲಿ ಒಬ್ಬರಿಗೆ 5 ಗ್ರಾಂ ತನಕ ಮಾರಿದರೆ ಸರ್ಕಾರ ಕೇಸು ಹಾಕುವುದಿಲ್ಲ. ಆದರೆ ಆ ಅಂಗಡಿಗೆ ಮಾಲು ಬೆಳೆದು ಕೊಡುವುದು ದಶಕಗಳ ಕಾಲ ಅಪರಾಧವಾಗಿಯೇ ಉಳಿಯಿತು. ಮುಂದಿನ ಬಾಗಿಲಲ್ಲಿ ಮಾರಾಟಕ್ಕೆ ತೊಂದರೆ ಇಲ್ಲ, ಹಿಂದಿನ ಬಾಗಿಲಿಂದ ಬರುವ ಮಾಲೆಲ್ಲ ಕಳ್ಳಮಾಲು. 2023ರ ಕೊನೆಯಲ್ಲಷ್ಟೇ ಕೆಲವು ಊರುಗಳಲ್ಲಿ ಪರವಾನಗಿ ಪಡೆದ ಬೆಳೆಗಾರರಿಂದ ಮಾಲು ತರಿಸುವ ಪ್ರಯೋಗ ಶುರುವಾಯಿತು.

ಕಾನೂನುಬದ್ಧ ಎನ್ನುವುದರಲ್ಲೂ ಹಲವು ಬಗೆ ಇವೆ. ಇಲ್ಲೇ ಜನಾಭಿಪ್ರಾಯದ ಸಮೀಕ್ಷೆಗಳು ಎಡವುತ್ತವೆ ಎನ್ನುವುದು ನನ್ನ ಅನಿಸಿಕೆ. ಮೂರು ದೇಶ ನೋಡಿ. ಉರುಗ್ವೆ 2013ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡಿದ ಮೊದಲ ದೇಶವಾಯಿತು. ಅಲ್ಲಿ ಮನೆಯಲ್ಲಿ ಆರು ಗಿಡ ಬೆಳೆಯಬಹುದು, ಇಲ್ಲವೇ ಬೆಳೆಗಾರರ ಕ್ಲಬ್ ಸೇರಬಹುದು, ಇಲ್ಲವೇ ಔಷಧಿ ಅಂಗಡಿಯಲ್ಲಿ ತಿಂಗಳಿಗೆ 40 ಗ್ರಾಂ ತನಕ ಕೊಳ್ಳಬಹುದು. ಯಾವುದಕ್ಕಾದರೂ ಸರ್ಕಾರದ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಕೆನಡಾ 2018ರ ಅಕ್ಟೋಬರ್ 17ರಿಂದ ಪರವಾನಗಿ ಅಂಗಡಿಗಳಿಗೆ ಅವಕಾಶ ಕೊಟ್ಟಿತು, ಆದರೆ ಜಾಹೀರಾತಿಗೂ ಆಕರ್ಷಕ ಪೊಟ್ಟಣಕ್ಕೂ ಕಡಿವಾಣ ಹಾಕಿತು. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರು ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂ ಇಟ್ಟುಕೊಳ್ಳಲು ಬಿಟ್ಟಿತು. ಮೂರು ಗಿಡ ಬೆಳೆಯಬಹುದು. 500 ಸದಸ್ಯರವರೆಗಿನ ಕ್ಲಬ್ ಕಟ್ಟಬಹುದು. ಯಾರು ಬೇಕಾದರೂ ಹೋಗಿ ಕೊಳ್ಳುವ ಅಂಗಡಿ ಮಾತ್ರ ಇಲ್ಲ.

ಇವುಗಳ ಪಕ್ಕದಲ್ಲಿ ಅಮೆರಿಕದ ಕೊಲೊರಾಡೊ ಇಟ್ಟು ನೋಡಿ. 2012ರ ನವೆಂಬರ್‌ನಲ್ಲಿ ಅಲ್ಲಿಯ ಮತ್ತು ವಾಷಿಂಗ್ಟನ್ ರಾಜ್ಯದ ಮತದಾರರು ಸುಮಾರು ಶೇ 55ರಷ್ಟು ಮತ ಕೊಟ್ಟು ಮೋಜಿನ ಗಾಂಜಾವನ್ನು ಒಪ್ಪಿದರು. 2014ರ ಜನವರಿ 1ರಂದು ಕೊಲೊರಾಡೊದಲ್ಲಿ ಅಂಗಡಿಗಳು ತೆರೆದವು. ಖಾಸಗಿ ಕಂಪನಿ ಬೆಳೆಯುತ್ತದೆ, ಖಾಸಗಿ ಅಂಗಡಿ ಮಾರುತ್ತದೆ, ಸರ್ಕಾರ ತೆರಿಗೆ ತೆಗೆದುಕೊಳ್ಳುತ್ತದೆ. ಇದು ದೊಡ್ಡ ವ್ಯಾಪಾರ. ಉರುಗ್ವೆಯ ಔಷಧಿ ಅಂಗಡಿಗೂ ಇದಕ್ಕೂ ಎಷ್ಟು ದೂರ, ಅಲ್ವಾ? ಸಮೀಕ್ಷೆಯಲ್ಲಿ ‘ಹೌದು’ ಎಂದವರಲ್ಲಿ ಒಬ್ಬರ ಮನಸ್ಸಿನಲ್ಲಿ ಜರ್ಮನಿಯ ಮೂರು ಗಿಡ ಇರಬಹುದು, ಇನ್ನೊಬ್ಬರ ಮನಸ್ಸಿನಲ್ಲಿ ಕೊಲೊರಾಡೊದ ಅಂಗಡಿ ಇರಬಹುದು. ಅಂಕಿ ಮಾತ್ರ ಇಬ್ಬರನ್ನೂ ಒಟ್ಟಿಗೆ ಎಣಿಸುತ್ತದೆ.

ಹೀಗಿದ್ದರೂ ಗ್ಯಾಲಪ್ ಪ್ರಶ್ನೆಯಿಂದ ಒಂದು ದೊಡ್ಡ ಉಪಯೋಗ ಇದೆ. 1969ರಿಂದ ಅವರು ಅದನ್ನೇ ಕೇಳುತ್ತಾ ಬಂದಿದ್ದಾರೆ. ಹಾಗಾಗಿ ಗಾಳಿ ಯಾವ ಕಡೆ ತಿರುಗಿತು ಎನ್ನುವುದು ಸ್ಪಷ್ಟವಾಗಿ ಕಾಣುತ್ತದೆ. 1969ರಲ್ಲಿ ಹೌದು ಎಂದವರು ಶೇ 12. 2000ದಲ್ಲಿ ಶೇ 31. 2011ರಲ್ಲಿ ಶೇ 50. 2013ರಲ್ಲಿ ಶೇ 58. 2023ರಲ್ಲಿ ಶೇ 70. ಮರುವರ್ಷ ಸ್ವಲ್ಪ ಇಳಿದು ಶೇ 68. ಸಮಾಜದ ಯಾವುದೇ ವಿಷಯದಲ್ಲಿ ಇಷ್ಟು ದೊಡ್ಡ ಬದಲಾವಣೆ ಅಪರೂಪ. ರಾಜಕೀಯ ಪಕ್ಷಗಳ ಗೆರೆಯನ್ನೂ ಇದು ದಾಟಿತ್ತು. 2023ರಲ್ಲಿ ಡೆಮಾಕ್ರಟಿಕ್ ಪಕ್ಷದ ಬೆಂಬಲಿಗರಲ್ಲಿ ಶೇ 87, ರಿಪಬ್ಲಿಕನ್ ಬೆಂಬಲಿಗರಲ್ಲಿ ಶೇ 55 ಹೌದು ಎಂದರು.

ಏಕೆ ಹೀಗಾಯಿತು? ಒಂದು ಕಾರಣ ಔಷಧಿಯ ಬಾಗಿಲು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ರೋಗಿಗಳಿಗೆ ಗಾಂಜಾ ಸಿಗಲಿ ಎಂದು ಒಪ್ಪಿದರು. ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ತೆಗೆದುಕೊಂಡು ವಾಂತಿಯಿಂದ ಬಳಲುವವರು, ಏಡ್ಸ್ ಬಂದು ಹಸಿವೇ ಇಲ್ಲದವರು ಜನರ ಕಣ್ಣಿಗೆ ಬಿದ್ದರು. ಗಾಂಜಾ ಎಂದ ತಕ್ಷಣ ಅಪರಾಧಿಯ ಮುಖ ನೆನಪಾಗುತ್ತಿದ್ದವರಿಗೆ ರೋಗಿಯ ಮುಖವೂ ಕಾಣತೊಡಗಿತು.

ಇನ್ನೊಂದು ಕಾರಣ ಬಂಧನಗಳು. ನನ್ನನ್ನು ಅತಿ ಹೆಚ್ಚು ಕಾಡುವ ಅಂಕಿಗಳು ಇವೇ. ಎಸಿಎಲ್‌ಯು ಎನ್ನುವ ನಾಗರಿಕ ಹಕ್ಕುಗಳ ಸಂಘಟನೆ 2013ರಲ್ಲಿ ಒಂದು ವರದಿ ತಂದಿತು. ಅದರ ಪ್ರಕಾರ 2001ರಿಂದ 2010ರವರೆಗೆ ಅಮೆರಿಕದಲ್ಲಿ ಗಾಂಜಾ ಕಾರಣಕ್ಕೆ 82 ಲಕ್ಷ ಬಂಧನಗಳಾದವು. ಅದರಲ್ಲಿ ಶೇ 88 ಮಾರಿದ್ದಕ್ಕಲ್ಲ, ಸುಮ್ನೆ ಇಟ್ಟುಕೊಂಡಿದ್ದಕ್ಕೆ. ಕಪ್ಪು ಜನರೂ ಬಿಳಿಯರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗಾಂಜಾ ಬಳಸುತ್ತಾರೆ. ಆದರೂ ಕಪ್ಪು ಜನ ಬಂಧನಕ್ಕೆ ಒಳಗಾಗುವ ಸಾಧ್ಯತೆ 3.73 ಪಟ್ಟು ಜಾಸ್ತಿ ಇತ್ತು. ಒಂದು ಬಂಧನ ಎಂದರೆ ಒಂದು ರಾತ್ರಿಯ ಕಷ್ಟ ಅಲ್ಲ. ಕೆಲಸ, ಬಾಡಿಗೆ ಮನೆ ಎರಡಕ್ಕೂ ಆ ದಾಖಲೆ ಅಡ್ಡ ಬರುತ್ತದೆ. ಒಂದೇ ಕೆಲಸಕ್ಕೆ ಒಬ್ಬನಿಗೆ ಶಿಕ್ಷೆ, ಇನ್ನೊಬ್ಬನಿಗೆ ಏನೂ ಇಲ್ಲ ಎನ್ನುವುದು ಅನ್ಯಾಯ.

ವಿಚಿತ್ರ ಎಂದರೆ ಸುಮ್ನೆ ಇಟ್ಟುಕೊಂಡವರಿಗೆ ಶಿಕ್ಷೆ ಬೇಡ ಎಂದು ಬಹಳ ಹಿಂದೆಯೇ ಒಂದು ಆಯೋಗ ಹೇಳಿತ್ತು. ಅಧ್ಯಕ್ಷ ನಿಕ್ಸನ್ ಕಾಲದಲ್ಲಿ ರೇಮಂಡ್ ಶೇಫರ್ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 1972ರಲ್ಲಿ ವರದಿ ಕೊಟ್ಟಿತು. ಸ್ವಂತಕ್ಕೆ ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆಯಿರಿ ಎಂದು ಅದು ಶಿಫಾರಸು ಮಾಡಿತ್ತು. ನಿಕ್ಸನ್ ಒಪ್ಪಲಿಲ್ಲ. 1970ರ ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರ ಸರ್ಕಾರದ ಕಾನೂನು, ಗಾಂಜಾವನ್ನು ಹೆರಾಯಿನ್ ಇರುವ ಅತಿ ಕಟ್ಟುನಿಟ್ಟಿನ ಪಟ್ಟಿಗೇ ಸೇರಿಸಿತ್ತು, ಅದು ಹಾಗೇ ಮುಂದುವರಿಯಿತು. ಈಗ 24 ರಾಜ್ಯಗಳು ಮೋಜಿನ ಬಳಕೆಗೆ ಒಪ್ಪಿದ ಮೇಲೂ ಆ ಬಳಕೆಗೆ ಫೆಡರಲ್ ಕಾನೂನಿನ ಒಪ್ಪಿಗೆ ಸಿಕ್ಕಿಲ್ಲ.

ವಿರೋಧಿಸುವವರ ಮಾತನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರೆಲ್ಲ ಹಳೇ ಕಾಲದವರು, ಸುಮ್ನೆ ಹೆದರುತ್ತಾರೆ ಎನ್ನುವುದು ಸರಿಯಲ್ಲ. ಮೊದಲನೆಯದಾಗಿ, ಇವತ್ತಿನ ಗಾಂಜಾ ಹಿಂದಿನ ಗಾಂಜಾ ಅಲ್ಲ. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲಿನಲ್ಲಿ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4 ಇತ್ತು. 2014ರ ಹೊತ್ತಿಗೆ ಸುಮಾರು ಶೇ 12 ಆಯಿತು. ಅಂಗಡಿಗಳಲ್ಲಿ ಸಿಗುವ ಸಾರದ ರೂಪದ ಮಾಲಿನಲ್ಲಿ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಹದಿಹರೆಯದಲ್ಲಿ ದಿನವೂ ಬಳಸಿದರೆ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚುತ್ತದೆ ಎನ್ನುವುದು ಬರೀ ಭಯವಲ್ಲ. ವಾಹನ ಓಡಿಸುವವರ ವಿಷಯವೂ ಕಷ್ಟ. ಮದ್ಯ ಕುಡಿದವರನ್ನು ಊದಿಸಿ ಅಳೆಯಬಹುದು. ಗಾಂಜಾ ಬಳಸಿದವರ ರಕ್ತದಲ್ಲಿ ಸಿಗುವ ಟಿಎಚ್‌ಸಿಗೂ ಆ ಹೊತ್ತಿನ ಅಮಲಿಗೂ ನೇರ ಹೊಂದಾಣಿಕೆ ಇಲ್ಲ. ಇನ್ನು ವ್ಯಾಪಾರದ ಪ್ರಶ್ನೆ. ಎಂದೋ ಒಮ್ಮೆ ಬಳಸುವವರಿಂದ ಕಂಪನಿಗೆ ಲಾಭ ಕಡಿಮೆ. ದಿನವೂ ಬಳಸುವವರೇ ಅದರ ಒಳ್ಳೆಯ ಗಿರಾಕಿಗಳು. ತಂಬಾಕು ಕಂಪನಿಗಳ ಚರಿತ್ರೆ ಗೊತ್ತಿರುವ ಯಾರಿಗಾದರೂ ಇಲ್ಲಿ ಚಿಂತೆ ಆಗಲೇಬೇಕು.

ನನ್ನ ನಿಲುವು ಇಷ್ಟು. ಸ್ವಲ್ಪ ಗಾಂಜಾ ಇಟ್ಟುಕೊಂಡ ಕಾರಣಕ್ಕೆ ಯಾರ ಬದುಕೂ ಹಾಳಾಗಬಾರದು. ಅಲ್ಲಿಂದ ಮುಂದೆ ಅಂಗಡಿ, ಜಾಹೀರಾತು, ಷೇರು ಮಾರುಕಟ್ಟೆ ತನಕ ಹೋಗಬೇಕೇ ಎನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎಂದವರು ಎರಡನೆಯದಕ್ಕೂ ಹೌದು ಎಂದರು ಎಂದು ಲೆಕ್ಕ ಹಾಕುವುದು ಜನರಿಗೆ ಮಾಡುವ ಮೋಸ.

ಪೂರ್ತಿ ವಿವರ ಮುಂದಿಟ್ಟು ಕೇಳಿದರೆ ಏನಾಗುತ್ತದೆ? 2020ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಅದನ್ನೇ ಮಾಡಿತು. ಜನಮತ ಸಂಗ್ರಹಕ್ಕೂ ಮೊದಲೇ ಮಸೂದೆಯ ಕರಡನ್ನು ಪ್ರಕಟಿಸಿತು. ಕನಿಷ್ಠ ವಯಸ್ಸು 20, ದಿನಕ್ಕೆ 14 ಗ್ರಾಂ ಮಿತಿ, ಪರವಾನಗಿ ಅಂಗಡಿ, ಜಾಹೀರಾತಿಗೆ ನಿಷೇಧ ಎಲ್ಲ ಅದರಲ್ಲಿತ್ತು. ಬೇಡ ಎಂದವರು ಶೇ 50.7, ಬೇಕು ಎಂದವರು ಶೇ 48.4. ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು. ಸೋತವರಿಗೆ ನೋವಾಗಿರಬಹುದು. ಆದರೂ ಜನರನ್ನು ಕೇಳುವ ಸರಿಯಾದ ರೀತಿ ಇದು ಎಂದೇ ನನಗೆ ಅನ್ನಿಸುತ್ತದೆ.

ಜನಾಭಿಪ್ರಾಯಕ್ಕೂ ಕಾನೂನಿಗೂ ಯಾವಾಗಲೂ ತಾಳೆ ಇರುತ್ತದೆ ಎಂದೂ ತಿಳಿಯಬೇಡಿ. ಉರುಗ್ವೆಯಲ್ಲಿ ಅಧ್ಯಕ್ಷ ಹೊಸೆ ಮುಹಿಕಾ ಸರ್ಕಾರ ಕಾನೂನು ತಂದಾಗ ಸಮೀಕ್ಷೆಗಳಲ್ಲಿ ಹೆಚ್ಚಿನ ಜನ ವಿರೋಧವಾಗಿದ್ದರು. ಕಳ್ಳಸಾಗಣೆದಾರರ ಕೈಯಿಂದ ಮಾರುಕಟ್ಟೆ ಕಿತ್ತುಕೊಳ್ಳಬೇಕು ಎನ್ನುವ ವಾದದ ಮೇಲೆ ಸರ್ಕಾರ ಮುಂದೆ ಹೋಯಿತು. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಆದದ್ದು ತಿರುಗಾಮುರುಗಾ. 2024ರ ನವೆಂಬರ್‌ನಲ್ಲಿ ಸುಮಾರು ಶೇ 56 ಮತದಾರರು ಮೋಜಿನ ಬಳಕೆಗೆ ಹೌದು ಎಂದರು. ಅಲ್ಲಿ ರಾಜ್ಯದ ಸಂವಿಧಾನ ತಿದ್ದಲು ಶೇ 60 ಬೇಕು. ಬಹುಮತ ಸಿಕ್ಕಿಯೂ ಸೋಲಾಯಿತು. ಅದೇ ದೇಶದ ದಕ್ಷಿಣ ಡಕೋಟಾ ರಾಜ್ಯದ ಕಥೆ ಇನ್ನೂ ಬೇರೆ. 2020ರಲ್ಲಿ ಜನ ಒಪ್ಪಿದರು. ಕೋರ್ಟ್ ಅದನ್ನು ರದ್ದು ಮಾಡಿತು. 2022ರಲ್ಲೂ 2024ರಲ್ಲೂ ಮತ್ತೆ ಕೇಳಿದಾಗ ಅದೇ ರಾಜ್ಯದ ಜನ ಬೇಡ ಎಂದರು. ಜನರ ಮನಸ್ಸು ಒಂದೇ ದಿಕ್ಕಿಗೆ ಹರಿಯುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಹೌದು ಎಂದವರೂ ಎಲ್ಲಿಯವರೆಗೆ ಹೌದು ಎನ್ನುತ್ತಾರೆ ಎನ್ನುವುದಕ್ಕೆ ಅಮೆರಿಕದ ನ್ಯೂಜೆರ್ಸಿ ರಾಜ್ಯ ಒಳ್ಳೆಯ ಉದಾಹರಣೆ. 2020ರಲ್ಲಿ ಅಲ್ಲಿಯ ಮತದಾರರಲ್ಲಿ ಸುಮಾರು ಶೇ 67 ಮಂದಿ ಮೋಜಿನ ಗಾಂಜಾಕ್ಕೆ ಒಪ್ಪಿಗೆ ಕೊಟ್ಟರು. ನಂತರ ನಿಮ್ಮ ಊರಲ್ಲಿ ಈ ವ್ಯಾಪಾರ ಬೇಕೋ ಬೇಡವೋ ನೀವೇ ತೀರ್ಮಾನಿಸಿ ಎಂದು ರಾಜ್ಯ ಸ್ಥಳೀಯ ಆಡಳಿತಗಳಿಗೆ 2021ರ ಆಗಸ್ಟ್ ತನಕ ಗಡುವು ಕೊಟ್ಟಿತು. ಆ ಗಡುವಿನೊಳಗೆ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಊರುಗಳು ಬೇಡ ಎಂದವು. ಬಂಧನ ನಿಲ್ಲಲಿ, ಆದರೆ ನಮ್ಮ ಬೀದಿಯಲ್ಲಿ ಅಂಗಡಿ ಬೇಡ. ಇದನ್ನು ಇಬ್ಬಂದಿತನ ಎಂದು ಟೀಕಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ ಸಿಕ್ಕಿತು. ಮುಂದಿನ ಸಲ ‘ಇಷ್ಟು ಜನ ಗಾಂಜಾ ಪರ’ ಎನ್ನುವ ಸುದ್ದಿ ಓದಿದಾಗ ಪ್ರಶ್ನೆ ಏನಿತ್ತು, ಎಷ್ಟು ಉತ್ತರಗಳ ಆಯ್ಕೆ ಇತ್ತು, ಬಳಕೆಯ ಬಗ್ಗೆ ಕೇಳಿದರೋ ಮಾರಾಟದ ಬಗ್ಗೆ ಕೇಳಿದರೋ ಎಂದು ಹುಡುಕಿ ನೋಡಿ. ಒಳ್ಳೆಯ ಸಮೀಕ್ಷಾ ಸಂಸ್ಥೆಗಳು ಪ್ರಶ್ನೆಯ ಪೂರ್ತಿ ಪಠ್ಯವನ್ನು ವರದಿಯ ಕೊನೆಯಲ್ಲಿ ಕೊಟ್ಟಿರುತ್ತವೆ.